ಕುತ್ತಿಗೆಯಿಂದ ಕೆಳಗೆ

ತಮ್ಮ ಜಾಮೀನಿನ ಮೇಲೆ ಬರುವ ದಿನ ಬೆಳಿಗ್ಗೆಯೇ ಹಿತ್ತಲಿನ ಹಂಡೆಗೆ ನೀರು ತುಂಬಿ, ಒಲೆಗೆ ನೀಲಗಿರಿ ಸೌದೆ ಇಟ್ಟಿದ್ದೆ. ಮನೆಯಲ್ಲಿ ಸೋಲಾರ್ ಇದೆ. ಆದರೆ ಜೈಲಿನಿಂದ ಬಂದವನು ಹೊರಗೇ ತಲೆಗೆ ನೀರು ಹಾಕಿಸಿಕೊಂಡು, ಹೊಸ ಉಡುದಾರ ಕಟ್ಟಿಸಿಕೊಂಡೇ ಹೊಸ್ತಿಲು ದಾಟಬೇಕೆಂದು ಅವ್ವ ಹಟ ಹಿಡಿದಿದ್ದಳು. ಘಾಟಿ ದೇವಸ್ಥಾನಕ್ಕೆ ಹೋದವರ ಕೈಲಿ ಕರಿದಾರ ತರಿಸಿ, ಅರಿಶಿನ ಸವರಿ ತಟ್ಟೆಯಲ್ಲಿಟ್ಟಿದ್ದಳು.

ಜೈಲಿನ ಬಾಗಿಲಲ್ಲಿ ಉಡುದಾರ ಕತ್ತರಿಸುತ್ತಾರೆಂದು ನಮಗೆ ಮೊದಲೇ ತಿಳಿದಿತ್ತು. ಒಳಗಿರುವವರು ಅದರಿಂದ ನೇಣು ಹಾಕಿಕೊಂಡಾರೆಂಬ ಮುಂಜಾಗ್ರತೆಯಂತೆ. ಜೀವದ ಮೇಲೆ ಅಷ್ಟು ಕಾಳಜಿ. ನಮ್ಮ ಕಡೆ ಗಂಡಸಿನ ಉಡುದಾರ ಕತ್ತರಿಸುವುದು ಅವನ ಹೆಣಕ್ಕೆ ನೀರು ಹಾಕುವಾಗ. ಅವ್ವ ಆ ಕತ್ತರಿಯನ್ನು ನೆನೆದೇ ಅರ್ಧ ಸೊರಗಿದ್ದಳು.

ತಮ್ಮ ಪಕ್ಕದೂರು ಮಧುರೆಯಲ್ಲಿ ಟೆಂಪೊ ನಿಲ್ಲಿಸಿಕೊಂಡು ಬಾಡಿಗೆಗೆ ಹೋಗುವವನು. ಪರಿಚಯದ ಇಬ್ಬರು ತಾಮ್ರದ ವೈರು ಹೇರಿಸಿದರು, ಇವನು ಎಲ್ಲಿಯದು ಎಂದು ಕೇಳದೆ ಸಾಗಿಸಿದ. ಕದ್ದ ಮಾಲು. ಮೂವರನ್ನೂ ಒಟ್ಟಿಗೆ ಒಳಗೆ ಹಾಕಿದರು.

ಕೋರ್ಟಿಗೆ ಅವರನ್ನು ಕರೆತರುತ್ತಿರಲಿಲ್ಲ. ಗೋಡೆಯ ಮೇಲಿನ ಟಿವಿಯಲ್ಲೇ ಹಾಜರಿ. ನಾನು ಕೊನೆಯ ಬೆಂಚಿನಲ್ಲಿ ಕೂತು ನೋಡುತ್ತಿದ್ದೆ. ರೇಷನ್ ಕಾರ್ಡಿನ ಫೋಟೊದಂತೆ ಕುತ್ತಿಗೆಯವರೆಗೆ ತಮ್ಮ ಕಾಣುತ್ತಿದ್ದ. "ಅಲ್ಲಿ ಏನಾದರೂ ತೊಂದರೆ ಇದೆಯೇನಪ್ಪಾ?" ಎಂದು ನ್ಯಾಯಾಧೀಶರು ಪ್ರತಿ ಸಲವೂ ಕೇಳುತ್ತಿದ್ದರು. ಬಾಯಿಮಾತಿಗಲ್ಲ, ತಲೆಯೆತ್ತಿ ಕೇಳುತ್ತಿದ್ದರು. "ಇಲ್ಲ ಸ್ವಾಮಿ" ಎನ್ನುತ್ತಿದ್ದ. ಅವನ ಹೆಗಲ ಹಿಂದೆ ಖಾಕಿ ತೋಳೊಂದು ಕಾಣುತ್ತಿತ್ತು. ನಾನು ಮನೆಗೆ ಬಂದು, "ಚೆನ್ನಾಗವ್ನೆ ಕಣವ್ವ, ಗಡ್ಡನೂ ಕೆರೆಸ್ಕೊಂಡವ್ನೆ" ಎನ್ನುತ್ತಿದ್ದೆ.

ಅವನು ಆಟೊದಿಂದ ಇಳಿದಾಗ ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ, "ಏನಪ್ಪಾ, ಗೌರ್ಮೆಂಟ್ ಊಟ ಒಗ್ಗಿದಂಗದೆ?" ಎಂದಳು.

"ದಿನಾ ಬಡಿಸೋರಕ್ಕ, ಸಾಕು ಅಂದ್ರೂ ಬಿಡ್ತಿರ್ಲಿಲ್ಲ" ಎಂದ. ಆಕೆ ನಕ್ಕಳು. ನಾನೂ ನಕ್ಕೆ.

ಹಿತ್ತಲಲ್ಲಿ ಮಣೆಯ ಮೇಲೆ ಕೂತವನು ಶರ್ಟು ಬಿಚ್ಚಲಿಲ್ಲ.

"ಬಿಚ್ಚೋ. ನಿನ್ನ ಅಂಡು ತೊಳೆದೋಳು ನಾನು, ನನ್ನ ಮುಂದೆ ಏನ್ ನಾಚ್ಕೆ?"

"ಹಂಗೇ ಹಾಕಕ್ಕ. ಶರ್ಟಿನ ಮೈಲಿಗೇನೂ ಹೋಗ್ಲಿ."

ಚೊಂಬಿನಲ್ಲಿ ಮೊಗೆದು ಸುರಿದೆ. ತೆಳು ಬಿಳಿ ಶರ್ಟು, ನೆನೆದು ಬೆನ್ನಿಗೆ ಅಂಟಿತು. ಹೆಗಲಿಂದ ಸೊಂಟದವರೆಗೆ ಬಾಸುಂಡೆಗಳು, ಹಳೆಯದರ ಮೇಲೆ ಹೊಸದು. ಉಡುದಾರ ಕೂರುವ ಜಾಗದಲ್ಲಿ ಗಾಯ ಇನ್ನೂ ಹಸಿಯಾಗಿತ್ತು. ತಟ್ಟೆ ಹಿಡಿದು ಬಂದ ಅವ್ವ ಬಾಗಿಲಲ್ಲೇ ನಿಂತಳು. ಅವತ್ತು ದಾರ ಕಟ್ಟಲಿಲ್ಲ. ಕಟ್ಟಿದ್ದರೆ ಗಾಯಕ್ಕೆ ಉಜ್ಜುತ್ತಿತ್ತು.

ಮುದ್ದೆ ಮುರಿಯುತ್ತಾ ಅವನೇ ಹೇಳಿದ. "ಮೊದಲ್ನೇ ದಿನ, ಉಡುದಾರ ಒಂದು ಕತ್ತರಿಸ್ಬೇಡಿ ಸಾರ್, ನಮ್ಮವ್ವ ನೊಂದ್ಕೊಳ್ತಾಳೆ ಅಂದೆ. ಅಷ್ಟೇ. ಆವತ್ತು ಪೈಪಲ್ಲಿ ಶುರುವಾಯ್ತು. ಆಮೇಲೆ ನನ್ನ ಹೆಸರೇ ಹೋಯ್ತು. 'ಲೇ ಉಡುದಾರ, ಬಾರೋ' ಅಂತ ಕರೆದು ಕರೆದು ಹೊಡೆಯೋರು."

"ಅಷ್ಟು ಸಲ ಜಡ್ಜು ಕೇಳಿದ್ರಲ್ಲೋ, ಹೇಳ್ಬಾರ್ದಾಗಿತ್ತಾ?"

"ಕೇಳ್ದೋರು ಟಿವಿಲಿದ್ರು. ಹೊಡೆದೋರು ಪಕ್ಕದಲ್ಲಿದ್ರು ಕಣಕ್ಕ."

ಮುಂದಿನ ವಾಯಿದೆಗೆ ಅವನು ಖುದ್ದಾಗಿ ನಿಲ್ಲಬೇಕಿತ್ತು. ನಿಂತಲ್ಲೇ ಶರ್ಟು ಎತ್ತಿ ತೋರಿಸು ಎಂದು ದಾರಿಯುದ್ದಕ್ಕೂ ಹೇಳಿದೆ. ಹೂಂ ಎಂದ. ಲಾಯರನ್ನೂ ಕೇಳಿದೆ.

"ಹೇಳ್ಲಮ್ಮ, ಅರ್ಜಿ ನಾನು ಹಾಕ್ತೀನಿ" ಎಂದರು. "ಆದ್ರೆ ಉಳಿದಿಬ್ಬರಿಗೆ ಇನ್ನೂ ಜಾಮೀನಾಗಿಲ್ಲ. ಅದನ್ನೂ ಯೋಚ್ನೆ ಮಾಡಿ."

ಅವನ ಸರದಿ ಬಂತು. ಆ ಇಬ್ಬರು ಟಿವಿಯಲ್ಲಿದ್ದರು, ಕುತ್ತಿಗೆಯವರೆಗೆ. ಹಿಂದೆ ಅದೇ ಖಾಕಿ ತೋಳು. "ಒಳಗಿದ್ದಾಗ ತೊಂದರೆ ಏನಾದರೂ ಆಯಿತೇನಪ್ಪಾ?" ಎಂದು ನ್ಯಾಯಾಧೀಶರು ಕೇಳಿದರು. ತಮ್ಮನ ಕೈ ಶರ್ಟಿನ ಕೆಳಗಿನ ಗುಂಡಿಗೆ ಹೋಯಿತು. ಟಿವಿಯತ್ತ ನೋಡಿದ. ಕೈ ಇಳಿಸಿದ.

"ಇಲ್ಲ ಸ್ವಾಮಿ."

ನಾನು ಎದ್ದು ನಿಂತೆ. "ಕೂತ್ಕೊಳಮ್ಮ" ಎಂದು ಕೋರ್ಟಿನ ಜವಾನ ಗದರಿದ. ತಮ್ಮ ತಿರುಗಿ ನನ್ನನ್ನು ನೋಡಿ, ಬೇಡವೆಂಬಂತೆ ತಲೆಯಾಡಿಸಿದ. ಕೂತೆ.

ಕಾನೂನು ಓದಿದವಳಲ್ಲ ನಾನು. ಆದರೂ ಒಂದು ಮಾತು ತಿಳಿಯುತ್ತದೆ. ಸಂತೆಯಲ್ಲಿ ಕುರಿ ಕೊಳ್ಳುವವನೂ ಮುಖ ನೋಡಿ ಬಿಡುವುದಿಲ್ಲ, ಬೆನ್ನು ಸವರಿ ನೋಡುತ್ತಾನೆ. ಒಳಗಿರುವವನನ್ನು ಆಗಾಗ ಕೋರ್ಟಿಗೆ ಕರೆತಂದು ಮೈಸಮೇತ ನಿಲ್ಲಿಸಬೇಕು. ಜೈಲಿಗೆ ಸೇರದ ಡಾಕ್ಟರೊಬ್ಬರು ಅಂಗಿ ಬಿಚ್ಚಿಸಿ ನೋಡಬೇಕು. ತೊಂದರೆ ಇದೆಯೇ ಎಂದು ಕೇಳುವಾಗ ಹೊಡೆಯುವವನನ್ನು ಆಚೆ ಕಳಿಸಬೇಕು. ಇಷ್ಟಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಬೇಕು ಅನ್ನಿಸಬೇಕು, ಅಷ್ಟೆ.

ತಮ್ಮನ ಗಾಯ ಈಗ ಒಣಗಿದೆ. ದಾರ ಕಟ್ಟಲು ಹೋದರೆ ಅವ್ವನ ಕೈ ಹಿಡಿದುಕೊಳ್ಳುತ್ತಾನೆ. "ಅವರಿಬ್ರೂ ಆಚೆ ಬರ್ಲಿ ಕಣವ್ವ. ಆವತ್ತು ಜಡ್ಜ್ ಮುಂದೆ ಶರ್ಟ್ ಬಿಚ್ತೀನಿ, ಆಮೇಲೆ ಕಟ್ಟುವಂತೆ." ಅಷ್ಟರಲ್ಲಿ ಬಾಸುಂಡೆ ಮಾಸಿಹೋಗುತ್ತದೆ ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ದಾರ ದೇವರ ಗೂಡಿನಲ್ಲಿದೆ, ಅರಿಶಿನವೆಲ್ಲ ಉದುರಿದೆ.

ವಾಯಿದೆ ಮುಗಿಸಿ ಬಂದಾಗಲೆಲ್ಲ ಅವ್ವ ಕೇಳುತ್ತಾಳೆ, "ಆ ಹುಡುಗ್ರು ಹೆಂಗವ್ರೆ?"

"ಮುಖ ಕಂಡ್ತು ಕಣವ್ವ" ಎನ್ನುತ್ತೇನೆ.