ಸೆನ್ಸರ್‌ಗೆ ಸಿಗದ ಜಾಗ, ಪಾರ್ವತೆಮ್ಮನ ಕಾವಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗಚ್ಚಿಬೌಲಿಯ ಈ ಅಪಾರ್ಟ್‌ಮೆಂಟಿನ ಮೇಲಿನ ಮನೆಗಳಲ್ಲಿ ನಲ್ಲಿಗಳು ತೆರೆದುಕೊಳ್ಳುತ್ತಿವೆ. ಎಲ್ಲರ ಕೊಳಚೆಯೂ ಬಂದು ಬೀಳುವುದು ನೆಲಮಾಳಿಗೆಯ ಗುಂಡಿಗೆ. ಅದರ ಬಾಯಿಗೆ ಅಡ್ಡ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಪಾರ್ವತೆಮ್ಮ ಕೂತಿದ್ದಾರೆ. ಒಳಗಿನ ಪಂಪಿಗೆ ಏನೋ ಸಿಕ್ಕಿಕೊಂಡಿದೆ. ಸಫಾಯಿ ಕೆಲಸದ ಕೇದಾರ ಪ್ಯಾಂಟು ಮಡಚಿಕೊಂಡು ಬರುತ್ತಾನೆ, ಎರಡೇ ನಿಮಿಷ ಇಳಿದು ತೆಗೆಯುತ್ತೇನೆ ಅನ್ನುತ್ತಾನೆ. ಪಾರ್ವತೆಮ್ಮ ಏಳುವುದಿಲ್ಲ.

"ನನ್ನ ದಾಟಿ ಇಳೀತಿಯೇನು? ಕೊಳಚಿ ಎಳಿಯೋ ಮಿಷನ್ ಗಾಡಿ ಬರೋತನಕ ಸುಮ್ಮ ನಿಂದ್ರು."

ಯಾರನ್ನೂ ಒಳಗೆ ಬಿಡದಿರುವುದು, ಅಷ್ಟೇ ಅವರ ನೌಕರಿ. ಸುರಪುರದ ಕಡೆಯಿಂದ ಗಂಡನ ಜತೆ ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೆ ಬಂದವರು. ಗಂಡ ತೀರಿಕೊಂಡ ಮೇಲೆ ಮಗ ಪರಮೇಶನೇ ಆಸರೆ. ಇಲ್ಲೇ ಸಫಾಯಿ ಕೆಲಸಕ್ಕಿದ್ದ ಅವನು ಮೂರು ವರ್ಷದ ಹಿಂದೆ ಇದೇ ಗುಂಡಿಗೆ ಇಳಿದ, ವಿಷಗಾಳಿಗೆ ಸಿಕ್ಕು ಅಲ್ಲೇ ಸತ್ತ. ಅವನ ಬದಲಿಗೆ ತಾಯಿಗೆ ಈ ಕುರ್ಚಿ ಕೊಟ್ಟರು.

ಹೊಟ್ಟೆ ಉರಿಯುವುದು ಎಲ್ಲಿ ಅಂದರೆ, ಗ್ಯಾಸ್ ಕಂಡುಹಿಡಿಯುವ ಸೆನ್ಸರ್ ಆಗಲೇ ಗೋಡೆಯ ಮೇಲಿತ್ತು. ಪಂಪುಗಳನ್ನು ನಡೆಸುವ ಕಂಟ್ರೋಲರಿಗೆ ಅದರ ತಂತಿ ಸೇರಿಸಿದ್ದರೆ ಸೈರನ್ ಕೂಗುತ್ತಿತ್ತು. ಸೇರಿಸಲು ಅದರಲ್ಲಿ ಒಂದೇ ಒಂದು ಇನ್‌ಪುಟ್, ಅಂದರೆ ತಂತಿ ಕೂಡಿಸುವ ಜಾಗ, ಖಾಲಿ ಇರಲಿಲ್ಲ. ಕೊಳ್ಳುವಾಗ ಇದ್ದ ಸ್ವಿಚ್ಚುಗಳನ್ನಷ್ಟೇ ಎಣಿಸಿ, ಅಷ್ಟಕ್ಕೇ ಸಾಲುವ, ಮುಂದೆ ಹೆಚ್ಚಿಸಲೂ ಬಾರದ ಅಗ್ಗದ ಮಾದರಿ ತಂದಿದ್ದರು. ನಾಳೆ ಇನ್ನೊಂದು ಬೇಕಾದೀತು ಅಂತ ಒಬ್ಬರಿಗಾದರೂ ಹೊಳೆಯಬಾರದಿತ್ತೇ!

ಈಗ ಆ ಕಂಟ್ರೋಲರ್ ಪದೇಪದೇ ಕೈಕೊಡುತ್ತಿದೆ, ಹೊಸದು ಬರಬೇಕು. ಎಂಜಿನಿಯರ್ ಅರವಿಂದ್ ಈ ಸಲ ಸೆನ್ಸರಿಗೊಂದು ಇನ್‌ಪುಟ್, ಸೈರನ್ನಿಗೊಂದು ಔಟ್‌ಪುಟ್ ಹಿಡಿದು, ಮುಂದಕ್ಕಿರಲಿ ಎಂದು ಕಾಲುಭಾಗ ಖಾಲಿ ಬಿಟ್ಟು ಲೆಕ್ಕ ಕೊಟ್ಟಿದ್ದಾರೆ. ನಿವಾಸಿಗಳ ಸಂಘದ ಕಾರ್ಯದರ್ಶಿ ಚಂದ್ರಕಾಂತ ಎರಡಕ್ಕೂ ದುಡ್ಡಿಲ್ಲ, ಒಂದೇ ಆಗುವುದು ಅನ್ನುತ್ತಾರೆ. ದೊಡ್ಡ ಕಂಟ್ರೋಲರ್ ಬಂದರೆ ಕಾವಲಿನ ಕೆಲಸ ತೆಗೆಯಬೇಕು. ಅಮ್ಮ ಇರುವುದಾದರೆ ಚಿಕ್ಕದೇ ಸಾಕು. ಅರವಿಂದ್ ಮನಸ್ಸು ತಡೆಯದೆ ಪಾರ್ವತೆಮ್ಮನ ಬಳಿ ಬಂದು, ಚಿಕ್ಕದನ್ನೇ ಬರೆದುಬಿಡುತ್ತೇನೆ, ನಿಮ್ಮ ನೌಕರಿಯಾದರೂ ಉಳಿಯಲಿ ಎಂದರಂತೆ.

"ಬ್ಯಾಡ್ರಿ ಅಂದೆ," ಎನ್ನುತ್ತಾರೆ ಪಾರ್ವತೆಮ್ಮ, ಅವರ ಕತೆ ಬರೆದುಕೊಳ್ಳಲು ಬಂದ ನನಗೆ. "ಆ ಗ್ಯಾಸ್ ನನ್ನ ಕಣ್ಣಿಗೆ ಕಾಣತೈತೇನ್ರಿ? ನಾ ಒಂದಿನ ಜ್ವರ ಬಂದು ಮಲಗಿದ್ರ ಈ ಕೇದಾರ ಇಳದ ಇಳೀತಾನ. ಅವಗೂ ಅವ್ವ ಅದಾಳ. ದೊಡ್ಡದ ತರ್ರಿ ಅಂದೆ."

ದೊಡ್ಡದಕ್ಕೆ ಆರ್ಡರ್ ಹೋಗಿದೆ. ಅದನ್ನು ಕೂರಿಸಿದ ದಿನ ಪಾರ್ವತೆಮ್ಮನ ನೌಕರಿ ಮುಗಿಯುತ್ತದೆ, ವಾಸಕ್ಕೆ ಕೊಟ್ಟ ಮೆಟ್ಟಿಲ ಕೆಳಗಿನ ಕೋಣೆಯೂ ಹೋಗುತ್ತದೆ. ಊರಲ್ಲಿ ಯಾರೂ ಉಳಿದಿಲ್ಲ. ನಾಂಪಲ್ಲಿಯ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತೇನೆಂದು ಕೇಳಿದರೆ, ವಯಸ್ಸಾಯಿತು ನಡೀರಿ ಅಂದರಂತೆ.

ಸಂಘದವರನ್ನು ಏನಾದರೂ ಕೇಳಿದ್ದೀರಾ ಎನ್ನುತ್ತೇನೆ. ಅವರು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

"ಸೈರನ್ ಹಚ್ಚಿ ನೋಡೋ ದಿನ ನನ್ನ ಇಲ್ಲೇ ಇರಾಕ ಬಿಡ್ರಿ ಅಂತ ಕೇಳೀನ್ರಿ. ನನ್ನ ಮಗ ಇಳಿಯೋ ಮುಂದ ಅದು ಕೂಗಲಿಲ್ಲ. ಒಂದ್ಸಲ ಕೂಗೋದು ಕೇಳಿ ಹೋಗ್ತೀನಿ."