ಲೆಕ್ಕಕ್ಕೆ ಸಿಗದ ಮೂವತ್ತೆಂಟು ಗ್ರಾಂ

ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ನೌಕರಿಯ ಆಯುಷ್ಯವನ್ನೆಲ್ಲ ಕಳೆದ ಆಕೆಯನ್ನು ಊರಿನವರು ಗ್ರಾಂ ಮೇಡಂ ಎಂದೇ ಕರೆಯುತ್ತಿದ್ದರು. ತೂಕದ ಮೆಷಿನ್ನು ಒಂದೇ ಒಂದು ಗ್ರಾಂ ಹೆಚ್ಚು ತೋರಿಸಿದರೂ ಬಿಡುವ ಪೈಕಿಯಲ್ಲ. "ಒಂದು ಗ್ರಾಂ ತಾನೇ ಮೇಡಂ, ನೋಡದ ಹಾಗೆ ಇದ್ಬಿಡಿ" ಎಂದು ಯಾರಾದರೂ ಹಲ್ಲು ಕಿರಿದರೆ, "ನಾನು ನೋಡದಿದ್ರೆ ಅದು ಎದ್ದು ಹೋಗುತ್ತಾ?" ಎಂದು ಕೇಳುತ್ತಿದ್ದರು. ಹಾಗೆಂದು ಸಿಡುಕಿಯಲ್ಲ. ಹರಿದ ಪೊಟ್ಟಣಕ್ಕೆ ತಾವೇ ದಾರ ಸುತ್ತಿ ಕೊಡುವಷ್ಟು ತಾಳ್ಮೆ ಇತ್ತು.

ನಿವೃತ್ತಿಯಾದ ಮೇಲೆ ಕೈ ಕಟ್ಟಿ ಕೂರಿಸಿದಂತಾಯಿತು. ಗಂಡ ಬೆಳಿಗ್ಗೆ ತಮ್ಮ ಕನ್ನಡಕದ ಅಂಗಡಿಗೆ ಹೊರಟರೆ ಮನೆಯಲ್ಲಿ ಒಬ್ಬರೇ. ಹಿಂಬದಿಯ ಕೋಣೆ, ಅತ್ತೆ ತೀರಿಕೊಂಡಾಗಿನಿಂದ ಚಿಲಕ ಹಾಕಿದ್ದು ಹಾಕಿದ ಹಾಗೆಯೇ ಇತ್ತು. ಅತ್ತೆ ಹಾಸಿಗೆ ಹಿಡಿದು ವರ್ಷಗಟ್ಟಲೆ ಅಲ್ಲಿ ಮಲಗಿದ್ದವರು. ಅತ್ತೆಗೂ ಸೊಸೆಗೂ ಜಗಳವಿರಲಿಲ್ಲ, ಹೇಳಿಕೊಳ್ಳುವಂಥ ಸಲುಗೆಯೂ ಇರಲಿಲ್ಲ. ಕಿಟಕಿಯ ಪಕ್ಕದ ಕಬ್ಬಿಣದ ಮಂಚವೊಂದು ಉಳಿದಿತ್ತು, ಅಷ್ಟೆ.

ಅಂಥ ದಿನಗಳಲ್ಲೇ ಮೇಡಂ ಅವರ ತಂಗಿಯ ಮಗಳು ಸ್ಕೂಟರಿನಿಂದ ಬಿದ್ದು ಬಲಗೈ ಮುರಿದುಕೊಂಡಳು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಹುಡುಗಿ. ಒಂಟಿಯಾಗಿ ಬಾಡಿಗೆ ಮನೆಯಲ್ಲಿದ್ದಳು. ಮೊಣಕೈಯಿಂದ ಬೆರಳ ತುದಿಯವರೆಗೂ ಪ್ಲಾಸ್ಟರ್. "ವಾಸಿಯಾಗೋ ತನಕ ನಮ್ಮಲ್ಲೇ ಇರು" ಎಂದು ಮೇಡಂ ಕರೆತಂದು, ಹಿಂಬದಿಯ ಕೋಣೆಯ ಚಿಲಕ ತೆಗೆದು, ಧೂಳು ಹೊಡೆದು ಆ ಮಂಚದ ಮೇಲೆ ಹೊಸ ಹಾಸಿಗೆ ಹಾಸಿದರು.

ಹುಡುಗಿಗೆ ಒಂದು ಹುಚ್ಚಿತ್ತು: ಪುಟ್ಟ ರಾಕೆಟ್ಟುಗಳು. ರಟ್ಟಿನ ಕೊಳವೆ, ಹಗುರ ಮರದ ರೆಕ್ಕೆ, ಬುಡದಲ್ಲಿ ಮದ್ದು ತುಂಬಿದ ಬೆರಳುದ್ದದ ಮೋಟಾರು. ಸುಂಯ್ಯನೆ ಮೇಲೇರಿ ಪ್ಯಾರಾಚೂಟ್ ಬಿಚ್ಚಿಕೊಂಡು ಇಳಿಯುತ್ತವೆ. ಅವಳ ಕ್ಲಬ್ಬಿನವರು ಮುಂದಿನ ತಿಂಗಳು ಊರಾಚೆಯ ಬಯಲಲ್ಲಿ ಹಾರಿಸಬೇಕಿತ್ತು. ಅದಕ್ಕೂ ಮೊದಲು ಕಂಪ್ಯೂಟರಿನಲ್ಲಿ ರಾಕೆಟ್ಟಿನ ವಿನ್ಯಾಸ ಮಾಡಿ, ಹೇಗೆ ಹಾರುತ್ತದೆಂದು ನೋಡಿಕೊಳ್ಳಬೇಕು. ಎಡಗೈಯಲ್ಲಿ ಅವಳಿಗೆ ಏನೂ ಸಾಗಲಿಲ್ಲ.

"ದೊಡ್ಡಮ್ಮ, ನೀವು ನನ್ನ ಕೈ ಆಗ್ತೀರಾ?"

"ನಂಗೆ ರಾಕೆಟ್ಟೂ ಗೊತ್ತಿಲ್ಲ, ನಿನ್ನ ಸಾಫ್ಟ್‌ವೇರೂ ಗೊತ್ತಿಲ್ಲ."

"ತೂಕ ಗೊತ್ತಲ್ಲ? ಅರ್ಧ ಕೆಲಸ ಅದೇ."

ಮೊದಮೊದಲು ಮೌಸು ಮಾತು ಕೇಳಲಿಲ್ಲ. ರೆಕ್ಕೆಯನ್ನು ಹಿಡಿಯಲು ಹೋಗಿ ಮೂತಿಯನ್ನು ಎಳೆದುಬಿಡುತ್ತಿದ್ದರು. "ಮೆಲ್ಲಗೆ ದೊಡ್ಡಮ್ಮ, ಅದೇನು ಮುದ್ರೆ ಒತ್ತೋ ಮೊಹರಲ್ಲ" ಎಂದು ಹುಡುಗಿ ಬಿದ್ದು ಬಿದ್ದು ನಗುತ್ತಿದ್ದಳು. ವಾರ ಕಳೆಯುವಷ್ಟರಲ್ಲಿ ಕೈ ಪಳಗಿತು. ಒಂದೊಂದು ಭಾಗವನ್ನೂ ತೂಗಿ, ಅಳೆದು, ಒಳಗೆ ಹಾಕಬೇಕು. ಹಾಕುತ್ತಿದ್ದಂತೆ ಪರದೆಯ ಮೇಲೆ ರಾಕೆಟ್ಟು ತಾನಾಗಿ ಬೆಳೆಯುತ್ತಿತ್ತು. ಅದರ ಹೊಟ್ಟೆಯಲ್ಲಿ ಎರಡು ಚುಕ್ಕೆ. ನೀಲಿಯದು ಭಾರದ ಕೇಂದ್ರ. ಅಲ್ಲಿ ದಾರ ಕಟ್ಟಿ ತೂಗುಹಾಕಿದರೆ ರಾಕೆಟ್ಟು ಅತ್ತಲೂ ವಾಲದೆ ಇತ್ತಲೂ ವಾಲದೆ ಸಮನಾಗಿ ನಿಲ್ಲುತ್ತದೆ. ಕೆಂಪಿನದು ಗಾಳಿ ಒತ್ತುವ ಕೇಂದ್ರ. ನೀಲಿ ಯಾವಾಗಲೂ ಕೆಂಪಿಗಿಂತ ಮುಂದೆ, ಮೂತಿಯ ಕಡೆಗಿರಬೇಕು. ಹಿಂದೆ ಸರಿಯಿತೋ, ರಾಕೆಟ್ಟು ಗಾಳಿಯಲ್ಲಿ ಲಾಗ ಹಾಕಿ ಯಾರ ಮೇಲಾದರೂ ಬಂದು ಬೀಳುತ್ತದೆ.

ಗಂಡ ಸಂಜೆ ಬಂದು ಹಿಂಬದಿಯ ಕೋಣೆಯ ಬಾಗಿಲಲ್ಲಿ ನಿಂತು, "ಏನಮ್ಮ, ಚಂದ್ರಲೋಕಕ್ಕೆ ಪಾರ್ಸೆಲ್ಲಾ?" ಎಂದು ರೇಗಿಸುತ್ತಿದ್ದರು.

ರಾಕೆಟ್ಟು ಸಿದ್ಧವಾಯಿತು. ಮೂರು ತುಂಡು: ಮೂತಿ, ನಡುವಿನ ಕೊಳವೆ, ರೆಕ್ಕೆಯೂ ಮಡಿಸಿಟ್ಟ ಪ್ಯಾರಾಚೂಟೂ ಇರುವ ಕೆಳಗಿನ ಕೊಳವೆ. ನಡುವಿನ ಕೊಳವೆಯಲ್ಲಿ ಅಲುಗದಂತೆ ಅಂಟಿಸಿದ, ಎತ್ತರ ಅಳೆಯುವ ಗುಂಡಿಯಂಥ ಯಂತ್ರ ಬಿಟ್ಟರೆ ಬರೀ ಖಾಲಿ ಜಾಗ. ಜೋಡಿಸಿ ಹುಡುಗಿಯ ಪುಟ್ಟ ತೂಕದ ಮೆಷಿನ್ನಿನ ಮೇಲಿಟ್ಟಾಗ ಮೇಡಂ ಹುಬ್ಬು ಗಂಟಿಕ್ಕಿದರು. ಸಾಫ್ಟ್‌ವೇರ್ ಹೇಳಿದ್ದಕ್ಕಿಂತ ಮೂವತ್ತೆಂಟು ಗ್ರಾಂ ಜಾಸ್ತಿ.

"ಅಂಟು, ಬಣ್ಣ ಲೆಕ್ಕಕ್ಕೆ ಹಿಡಿದಿಲ್ವೇನೋ" ಎಂದಳು ಹುಡುಗಿ.

"ಹಿಡಿದಿದ್ದೀನಿ."

ಬಿಚ್ಚಿ ಒಂದೊಂದನ್ನೇ ತೂಗಿದರು. ಮೂತಿ ಸರಿ. ನಡುವಿನ ಕೊಳವೆ ಸರಿ. ರೆಕ್ಕೆಯ ಕೊಳವೆ ಸರಿ. ಮೂರನ್ನೂ ಬಿಡಿಬಿಡಿಯಾಗಿ ಒಟ್ಟಿಗೆ ಇಟ್ಟರೂ ಸರಿ. ಜೋಡಿಸಿ ಮೂತಿ ಮುಚ್ಚಿದರೆ ಮತ್ತೆ ಮೂವತ್ತೆಂಟು ಗ್ರಾಂ ಹೆಚ್ಚು. ಯಾರೋ ಬಂದು ಒಳಗೆ ಕೂತ ಹಾಗೆ.

ಮೆಷಿನ್ನು ಕೆಟ್ಟಿದೆ ಎಂದುಕೊಂಡು, ಮರುದಿನ ಜೋಡಿಸಿದ ರಾಕೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ತಮ್ಮ ಹಳೆಯ ಕಚೇರಿಗೆ ಒಯ್ದರು. ಕೌಂಟರಿನಲ್ಲಿ ಈಗ ಕೂರುವ ಗುಮಾಸ್ತ ಅವರ ಕೈಕೆಳಗೇ ಕೆಲಸ ಕಲಿತವನು. ತೂಗಿದ. ಅದೇ ತೂಕ. ರಾಕೆಟ್ಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದವನ ಮುಖದ ನಗು ಅಲ್ಲೇ ನಿಂತಿತು.

"ಒಳಗೆ ಏನಿಟ್ಟಿದ್ದೀರಾ ಮೇಡಂ?"

"ಯಾಕೆ?"

"ಏನೋ ಜರುಗಿತು. ಸದ್ದಾಗಲಿಲ್ಲ, ಆದ್ರೆ ಕೈಗೆ ಗೊತ್ತಾಯ್ತು."

ಮೇಡಂ ಅಲ್ಲೇ ಮೂತಿ ಕಳಚಿ ಒಳಗೆ ತೋರಿಸಿದರು. ಖಾಲಿ. ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಸರತಿಯಲ್ಲಿ ನಿಂತವರು ಗೊಣಗತೊಡಗಿದ್ದರಿಂದ ಮಾತು ಅಲ್ಲಿಗೇ ನಿಂತಿತು. ಆದರೆ ಮೇಡಂ ಬಾಗಿಲು ದಾಟುವವರೆಗೂ ಅವನು ಮುಂದಿನ ಪಾರ್ಸೆಲ್ ಮುಟ್ಟಲಿಲ್ಲ.

ಮನೆಗೆ ಬಂದು ನಡೆದಿದ್ದನ್ನು ಹೇಳಿದರೆ ಹುಡುಗಿ ನಂಬಲಿಲ್ಲ. ತಾನೇ ಎಡಗೈಯಲ್ಲಿ ತೂಗಿದಳು. ಎರಡು ಸಲ, ಮೂರು ಸಲ. ಕೊನೆಗೆ, "ಇರೋ ಭಾರ ಇದೆ. ಸಾಫ್ಟ್‌ವೇರ್‌ಗೆ ಹಾಕೇಬಿಡೋಣ. ಎಲ್ಲಿದೆ ಅಂತ ಕಂಡುಹಿಡಿದ್ರೆ ಆಯ್ತು" ಎಂದಳು. ರಾಕೆಟ್ಟಿಗೆ ದಾರ ಕಟ್ಟಿ ಕಿಟಕಿಯ ಸರಳಿಗೆ ತೂಗುಹಾಕಿದರು. ಅದು ಸಮನಾಗಿ ನಿಂತ ಜಾಗವನ್ನು ಅಳೆದು, ಪರದೆಯ ಮೇಲೆ ಆ ಭಾರವನ್ನು ಹಿಂದೆಮುಂದೆ ಸರಿಸುತ್ತ ಹೋದರೆ ನೀಲಿ ಚುಕ್ಕೆ ಅಳತೆಗೆ ಸರಿಯಾಗಿ ಕೂತಿತು. ಭಾರವಿದ್ದದ್ದು ನಡುವಿನ ಕೊಳವೆಯ ಖಾಲಿ ಜಾಗದಲ್ಲಿ. ಅದಕ್ಕೊಂದು ಹೆಸರು ಕೊಡಬೇಕಿತ್ತು.

"ಅಂಟು ಅಂತ ಬರೀರಿ" ಎಂದಳು ಹುಡುಗಿ.

ಮೇಡಂ ಬೆರಳು ಎತ್ತಿದವರು ಹಾಗೇ ತಡೆದರು. ಪಾರ್ಸೆಲ್ಲಿನ ಮೇಲೆ ಸುಳ್ಳು ಬರೆಯಿಸಿಕೊಂಡು ಅಭ್ಯಾಸವಿರಲಿಲ್ಲ. ಒಂದೊಂದೇ ಅಕ್ಷರ ಹುಡುಕಿ 'ಗೊತ್ತಿಲ್ಲ' ಎಂದು ಬರೆದರು.

ತಿರುಗಿ ನೋಡಿದರೆ, ದಾರದಲ್ಲಿ ತೂಗುತ್ತಿದ್ದ ರಾಕೆಟ್ಟು ನಿಧಾನವಾಗಿ ತಿರುಗಿ ಮೂತಿಯನ್ನು ಕಿಟಕಿಯ ಹೊರಗೆ ಮಾಡಿ ನಿಂತಿತ್ತು. ಮೇಡಂ ಅದನ್ನು ಗೋಡೆಯ ಕಡೆ ತಿರುಗಿಸಿಟ್ಟರು. ಮತ್ತೆ ತಿರುಗಿತು. ಗಾಳಿಯೇ ಇರಲಿಲ್ಲ.

ಆಮೇಲಿನ ದಿನಗಳಲ್ಲಿ ಆ ಭಾರ ಒಂದು ಕಡೆ ನಿಲ್ಲಲಿಲ್ಲ. ಬೆಳಿಗ್ಗೆ ಅಳೆದರೆ ಮೂತಿಯ ಹತ್ತಿರ, ಮಧ್ಯಾಹ್ನ ರೆಕ್ಕೆಯ ಹತ್ತಿರ. ಮೇಡಂ ಪರದೆಯ ಮೇಲೆ 'ಗೊತ್ತಿಲ್ಲ'ವನ್ನು ಅದರ ಹಿಂದೆಯೇ ಸರಿಸುತ್ತ ಹೋದರು. ಅದು ಹಿಂದಕ್ಕೆ ಹೋದಾಗ ನೀಲಿ ಚುಕ್ಕೆ ಕೆಂಪಿನ ಮೈಗೆ ತಾಗಿ, ಸಾಫ್ಟ್‌ವೇರ್ ಎಚ್ಚರಿಕೆ ಕೊಡುತ್ತಿತ್ತು. ಮುಂದಕ್ಕೆ ಬಂದಾಗ ಎಲ್ಲ ಸರಿ. ಹುಡುಗಿ ಕೊಳವೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದಳು: ತೂಗಿದಾಗ ಸಮತೋಲ ಈ ಗೆರೆಯ ಹಿಂದೆ ಬಂದರೆ ಹಾರಿಸುವ ಹಾಗಿಲ್ಲ.

ಅವಳ ಬಾಯಿಂದ ನಗೆಮಾತು ಬರುವುದು ನಿಂತಿತು. ಹಾಸಿಗೆಯನ್ನು ನಡುಮನೆಗೆ ಎಳೆದುಕೊಂಡಳು. "ಕೈ ನೋಯುತ್ತೆ, ಅಲ್ಲಿ ಸೆಖೆ" ಎಂದಳು. ಗಂಡನೂ ಬಾಗಿಲವರೆಗೆ ಬರುವುದನ್ನು ಬಿಟ್ಟರು. ಒಂದು ದಿನ ಊಟದ ಮಧ್ಯೆ ತಟ್ಟೆ ನೋಡುತ್ತಲೇ ಕೇಳಿದರು, "ಅದನ್ನ ಮುರಿದು ಬಿಸಾಕಬಾರದಾ?"

"ಮುರಿದ್ರೆ ಅದು ಮನೇಲೇ ಉಳಿಯುತ್ತೆ" ಎಂದರು ಮೇಡಂ. ಹಾಗೆ ಅನ್ನಬೇಕೆಂದು ಅಂದದ್ದಲ್ಲ.

ಹಾರಿಸುವ ದಿನ ಬಯಲಲ್ಲಿ ಬಿಸಿಲು ಚೆನ್ನಾಗಿತ್ತು. ಕ್ಲಬ್ಬಿನ ಹತ್ತಾರು ಜನ ಸೇರಿದ್ದರು. ಉಳಿದ ರಾಕೆಟ್ಟುಗಳು ಒಂದರ ಹಿಂದೊಂದು ಸದ್ದು ಮಾಡುತ್ತ ಏರಿ, ಬಣ್ಣದ ಪ್ಯಾರಾಚೂಟುಗಳಲ್ಲಿ ಇಳಿದವು. ತಮ್ಮ ಸರದಿ ಬಂದಾಗ ಮೇಡಂ ಮೋಟಾರು ಕೂರಿಸಿ, ಗೆರೆಯ ಮೇಲೆ ದಾರ ಕಟ್ಟಿ ಎತ್ತಿ ಹಿಡಿದರು. ರಾಕೆಟ್ಟು ಬಾಲದ ಕಡೆಗೆ ಜೋತುಬಿತ್ತು.

"ಬೇಡ ದೊಡ್ಡಮ್ಮ" ಎಂದಳು ಹುಡುಗಿ. "ಇಷ್ಟು ಜನ ಇದ್ದಾರೆ. ಹೀಗೇ ಬಿಟ್ರೆ ಯಾರಿಗಾದ್ರೂ ಏಟಾಗುತ್ತೆ. ವಾಪಸ್ ಹೋಗೋಣ."

ಅದನ್ನು ಮತ್ತೆ ಮನೆಗೆ ಒಯ್ಯಲು ಮೇಡಂ ತಯಾರಿರಲಿಲ್ಲ. ರಾಕೆಟ್ಟನ್ನು ಬಾಯಿಯ ಹತ್ತಿರ ತಂದು, ನೂಕುನುಗ್ಗಲಿದ್ದ ದಿನಗಳಲ್ಲಿ ಕೌಂಟರಿನ ಒಳಗಿಂದ ಹೇಳುತ್ತಿದ್ದ ಅದೇ ದನಿಯಲ್ಲಿ ಹೇಳಿದರು, "ಸ್ವಲ್ಪ ಮುಂದಕ್ಕೆ ಜರುಗಿ."

ದಾರ ಮೆಲ್ಲನೆ ನಡುಗಿತು. ಬಾಲ ಎದ್ದಿತು. ಮೂತಿ ಒಂದಿಷ್ಟು ತಗ್ಗಿ, ರಾಕೆಟ್ಟು ತೊಲೆಯಂತೆ ಸಮನಾಗಿ ನಿಂತಿತು.

ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದಳು. ಮೇಡಂ ಮಾತ್ರ ಅದನ್ನು ಹಾಗೇ ಒಯ್ದು ನೆಲದಲ್ಲಿ ನೆಟ್ಟ ಕಂಬಿಗೆ ಸಿಕ್ಕಿಸಿ, ಕಿಡಿ ಹೊತ್ತಿಸುವ ತಂತಿ ಜೋಡಿಸಿ, ದೂರ ಬಂದು ಗುಂಡಿ ಒತ್ತಿದರು. ರಾಕೆಟ್ಟು ನೂಲು ಹಿಡಿದಂತೆ ನೆಟ್ಟಗೆ ಏರಿತು. ತುದಿಯಲ್ಲಿ ಪುಟ್ಟ ಹೊಗೆ, ಆಮೇಲೆ ಪ್ಯಾರಾಚೂಟ್. ಇಳಿಯಲು ತುಂಬಾ ಹೊತ್ತು ಹಿಡಿಯಿತು. ನೋಡುತ್ತಿದ್ದವರೊಬ್ಬರು, "ಅಬ್ಬಾ, ಎಷ್ಟು ಹಗುರ ಮಾಡಿದ್ದೀರಿ ಮೇಡಂ!" ಎಂದರು.

ಹುಲ್ಲಿನಲ್ಲಿ ಬಿದ್ದಿದ್ದ ರಾಕೆಟ್ಟನ್ನು ಎತ್ತಿಕೊಂಡಾಗಲೇ ಕೈಗೆ ಗೊತ್ತಾಯಿತು. ತುಂಡುಗಳನ್ನು ಮತ್ತೆ ಜೋಡಿಸಿ, ಸುಟ್ಟ ಮೋಟಾರು ತೆಗೆದು, ಚೀಲದಲ್ಲಿದ್ದ ಮೆಷಿನ್ನಿನ ಮೇಲಿಟ್ಟರು. ಸಾಫ್ಟ್‌ವೇರ್ ಮೊದಲ ದಿನ ಹೇಳಿದ್ದ ತೂಕ. ಒಂದು ಗ್ರಾಂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಮನೆಗೆ ಬಂದು ಎತ್ತರ ಅಳೆಯುವ ಯಂತ್ರ ದಾಖಲಿಸಿಕೊಂಡಿದ್ದ ಹಾರಾಟದ ಗೆರೆಯನ್ನು ಕಂಪ್ಯೂಟರಿಗೆ ತಂದರು. ಸಾಫ್ಟ್‌ವೇರ್ ಬರೆದ ಎರಡು ಗೆರೆಗಳನ್ನು ಹುಡುಗಿ ಅದರ ಮೇಲೆ ಇಡಿಸಿದಳು: 'ಗೊತ್ತಿಲ್ಲ' ಇದ್ದಾಗ ಹೇಗೆ ಹಾರಬೇಕು, ಇಲ್ಲದಿದ್ದಾಗ ಹೇಗೆ ಹಾರಬೇಕು. ನಿಜವಾಗಿ ಹಾರಿದ ಗೆರೆ ಮೇಲೇರುವಾಗ ಭಾರವಿದ್ದ ಗೆರೆಗೆ ಅಂಟಿಕೊಂಡೇ ಹೋಗಿತ್ತು. ನೆತ್ತಿಯಲ್ಲಿ, ಏರುವುದು ನಿಂತು ಇಳಿಯುವುದು ಇನ್ನೂ ಶುರುವಾಗದ ಆ ಒಂದು ಕ್ಷಣದಲ್ಲಿ, ಅದನ್ನು ಬಿಟ್ಟು ಕೆಳಗಿನವರೆಗೂ ಹಗುರದ ಗೆರೆಯ ದಾರಿ ಹಿಡಿದಿತ್ತು.

"ಮೇಲೇ ಇಳ್ಕೊಂಡುಬಿಡ್ತು" ಎಂದಳು ಹುಡುಗಿ ಪಿಸುದನಿಯಲ್ಲಿ.

ಅಂದು ಗಂಡ ಬಹಳ ದಿನದ ಮೇಲೆ ಆ ಕೋಣೆಯ ಒಳಗೆ ಕಾಲಿಟ್ಟರು. ಪರದೆಯನ್ನು ನೋಡಿದರು, ಖಾಲಿ ಮಂಚವನ್ನು ನೋಡಿದರು. ಕನ್ನಡಕ ತೆಗೆದು ಒರೆಸುತ್ತ ಕೇಳಿದರು, "ಅಮ್ಮ ಇರಬಹುದೇನೇ?"

ಮೇಡಂ ಯೋಚಿಸಿದರು. "ಅಲ್ಲ ರೀ. ನಿಮ್ಮಮ್ಮ ಆಗಿದ್ರೆ ನಾನು ಜರುಗಿ ಅಂದ ತಕ್ಷಣ ಜರುಗ್ತಿದ್ರಾ?"

ಗಂಡನಿಗೆ ತಡೆಯಲಾರದಷ್ಟು ನಗು ಬಂತು. ಹುಡುಗಿಯೂ ನಕ್ಕಳು. ಹಾಗಿದ್ದರೆ ಮತ್ಯಾರು ಎಂಬ ಪ್ರಶ್ನೆ ಮೂವರಿಗೂ ಒಟ್ಟಿಗೇ ಹೊಳೆದಿರಬೇಕು. ನಗು ಒಟ್ಟಿಗೇ ನಿಂತಿತು.

ಪ್ಲಾಸ್ಟರ್ ತೆಗೆದ ಮೇಲೆ ಹುಡುಗಿ ತನ್ನ ಮನೆಗೆ ಹೋದಳು. ಹಿಂಬದಿಯ ಕೋಣೆಗೆ ಮೇಡಂ ಮತ್ತೆ ಚಿಲಕ ಹಾಕಲಿಲ್ಲ. ಸ್ವಂತದ್ದೊಂದು ಕಂಪ್ಯೂಟರ್ ತರಿಸಿ ಅಲ್ಲೇ ಮೇಜು ಹಾಕಿದರು. ಗಂಡ ಭಾನುವಾರಗಳಲ್ಲಿ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂರುವುದನ್ನು ಕಲಿತರು. ಈಗ ಮೇಡಂ ಮಾಡುತ್ತಿರುವುದು ಮೊದಲಿನದಕ್ಕಿಂತ ದೊಡ್ಡ ರಾಕೆಟ್ಟು. ಅದರ ನಡುವಿನ ಕೊಳವೆಯನ್ನು ಎಳೆದು ಎಳೆದು ಉದ್ದ ಮಾಡುತ್ತಿದ್ದುದನ್ನು ಕಂಡು ಗಂಡ ಕೇಳಿದರು, "ಒಳಗೆ ಏನೂ ಇಡಲ್ಲ ಅಂತೀಯ. ಮತ್ತೆ ಇಷ್ಟೊಂದು ಜಾಗ ಯಾಕೆ?"

ಮೇಡಂ ಪರದೆಯಿಂದ ಕಣ್ಣು ಕೀಳಲಿಲ್ಲ.

"ಇರ್ಲಿ" ಎಂದರು.