ಮೂಗಕ್ಕ ಕಂಡ ಗೆರೆ

ಮಕ್ಕಳ ಆಸ್ಪತ್ರೆಯ ಪ್ರಯೋಗಾಲಯದಲ್ಲಿದ್ದ ಆಕೆಗೆ ಮೂಗಕ್ಕ ಎಂದು ಹೆಸರಿಟ್ಟವರು ಅಲ್ಲಿಗೆ ಬರುವ ಮಕ್ಕಳೇ. ಉಬ್ಬಸದ ಮಕ್ಕಳ ಮೂಗಿನೊಳಗೆ ಪುಟ್ಟ ಬ್ರಷ್ ಆಡಿಸಿ ಒಂದಿಷ್ಟು ಜೀವಕೋಶ ತೆಗೆಯುವುದು ಆಕೆಯ ಕೆಲಸ. "ಒಳಗೆ ಏನು ಬಚ್ಚಿಟ್ಟಿದ್ದೀಯೋ, ನೋಡೋಣ" ಎನ್ನುವಳು. ಮಗು ಉತ್ತರ ಹುಡುಕುವಷ್ಟರಲ್ಲಿ ಬ್ರಷ್ ಹೊರಗೆ ಬಂದಿರುತ್ತಿತ್ತು. ಒಬ್ಬ ಮಾತ್ರ ಬೆರಳು ಕಚ್ಚಿದ್ದ. ಬ್ರಷ್ಷಿನ ತುದಿ ಕತ್ತರಿಸಿ ಕೊಳವೆಗೆ ಹಾಕಿ, ಐಸಿನಲ್ಲಿಟ್ಟುಕೊಂಡು ಆಕೆ ಮಹಡಿ ಹತ್ತಿ ಓಡುವಳು. ತಡವಾದರೆ ಒಳಗಿನ ಆರ್‌ಎನ್‌ಎ ಚೂರುಚೂರಾಗಿಬಿಡುತ್ತದೆ.

ಅಧ್ಯಯನ ನಡೆಸುತ್ತಿದ್ದ ಡಾಕ್ಟರು ಹುಡುಕುತ್ತಿದ್ದದ್ದು ಒಂದು ವಿಚಿತ್ರ ಬಗೆಯ ಆರ್‌ಎನ್‌ಎಯನ್ನು. ಸಾಮಾನ್ಯವಾಗಿ ಆರ್‌ಎನ್‌ಎ ಎಂದರೆ ಪ್ರೋಟೀನ್ ತಯಾರಿಸಲು ಸಂದೇಶ ಒಯ್ಯುವಂಥದ್ದು. ಇವು ಯಾವ ಪ್ರೋಟೀನನ್ನೂ ಮಾಡವು. ಹಿಂದೆಲ್ಲ ಕಸವೆಂದು ಬದಿಗೆ ಸರಿಸಿದ್ದರಂತೆ. ಆಮೇಲೆ ನೋಡಿದರೆ, ಇವುಗಳಲ್ಲಿ ಕೆಲವು ಬೇರೆ ಸಂದೇಶಗಳಿಗೆ ಅಂಟಿಕೊಂಡು "ಇನ್ನು ಸಾಕು" ಎಂದು ತಡೆಯುತ್ತವೆ. ಶ್ವಾಸನಾಳ ಊದಿಕೊಂಡಾಗ ಇವುಗಳ ಪ್ರಮಾಣ ಏರುಪೇರಾಗುತ್ತದೆ. ಯಾವ ಮಗುವಿನ ಉಬ್ಬಸ ವಯಸ್ಸು ಏರಿದಂತೆ ಬಿಟ್ಟುಹೋಗುತ್ತದೆ, ಯಾವುದು ಆಸ್ತಮಾ ಆಗಿ ಬೇರೂರುತ್ತದೆ ಎಂಬುದನ್ನು ಇದರಿಂದ ಮೊದಲೇ ತಿಳಿಯಬಹುದೇ ಎಂಬುದು ಡಾಕ್ಟರ ಪ್ರಶ್ನೆ.

ಮೂಗಕ್ಕನ ತಂಗಿಯ ಮಗಳು ಚುಕ್ಕಿಗೂ ಉಬ್ಬಸವಿತ್ತು. ಅವಳನ್ನೂ ಅಧ್ಯಯನಕ್ಕೆ ಸೇರಿಸಿಕೊಂಡರು. ಕೊಳವೆಗಳ ಮೇಲೆ ಹೆಸರಿರುವುದಿಲ್ಲ, ಬರೀ ಸಂಖ್ಯೆ. ಸ್ವಂತದವರ ಮಾದರಿ ತೆಗೆಯುವ ಕೆಲಸವನ್ನು ಸಹೋದ್ಯೋಗಿಗೆ ಒಪ್ಪಿಸಬೇಕಿತ್ತು. ಆದರೆ ದೊಡ್ಡಮ್ಮ ಅಲ್ಲದೆ ಬೇರೆಯವರು ಮುಟ್ಟಕೂಡದೆಂದು ಚುಕ್ಕಿ ರಚ್ಚೆ ಹಿಡಿದಳು. ಮೂಗಕ್ಕನೇ ತೆಗೆದಳು, ಸಂಖ್ಯೆ ತಲೆಯಲ್ಲಿ ಉಳಿದುಬಿಟ್ಟಿತು.

ಕೆಲವು ವಾರಗಳ ನಂತರ, ಅಂಥ ಒಂದು ಆರ್‌ಎನ್‌ಎಯನ್ನು ಅಳೆಯುವ ಯಂತ್ರದ ಪರದೆಯ ಮೇಲೆ ಗೆರೆಗಳು ಮೂಡಿದವು. ಗೆರೆ ಬೇಗ ಮೇಲೆದ್ದಷ್ಟೂ ಆ ಆರ್‌ಎನ್‌ಎ ಹೆಚ್ಚಿದೆ ಎಂದರ್ಥ. ಪದೇ ಪದೇ ವಾರ್ಡಿಗೆ ಸೇರುತ್ತಿದ್ದವರೆಂದು ದಾಖಲೆಯಲ್ಲಿ ಗುರುತಿದ್ದ ಮಕ್ಕಳ ಗೆರೆಗಳು ಹಾಗೆ ಬೇಗ ಏಳುತ್ತಿದ್ದವು. ಚುಕ್ಕಿಯದೂ ಅವುಗಳ ನಡುವೆಯೇ ಇತ್ತು. ಮೂಗಕ್ಕ ಯಂತ್ರ ಆರಿಸಿ, ಕೈಗವಸು ಕಳಚಿ, ನೆಟ್ಟಗೆ ಡಾಕ್ಟರ ಕೋಣೆಗೆ ಹೋಗಿ ಕಂಡದ್ದನ್ನು ಹೇಳಿದಳು.

ಡಾಕ್ಟರು ಬೈಯಲಿಲ್ಲ. "ನೀವು ಅದನ್ನ ನೋಡಬಾರದಿತ್ತು" ಎಂದಷ್ಟೇ ಹೇಳಿದರು. "ನೂರಾರು ಮಕ್ಕಳನ್ನ ಒಟ್ಟಿಗೆ ಇಟ್ಟು ನೋಡಿದ್ರೆ ಏನೋ ಒಂದು ಕಾಣಬಹುದು. ಒಂದು ಮಗುವಿನ ಗೆರೆಗೆ ಸದ್ಯಕ್ಕೆ ಅರ್ಥ ಇಲ್ಲ. ತಂಗಿಗೆ ಹೇಳಿದ್ರೆ ಇಲ್ಲದ ಭಯ ಹುಟ್ಟಿಸಿದ ಹಾಗೆ."

ಮೂಗಕ್ಕನಿಗೆ ಸರಿಯೆನ್ನಿಸಿತು, ಸಮಾಧಾನವಾಗಲಿಲ್ಲ. ಆ ಭಾನುವಾರವೇ ತಂಗಿಯ ಮನೆಗೆ ಹೋದಳು. ದಿನಾ ಎಳೆಯಬೇಕಾದ ಇನ್ಹೇಲರ್ ಫ್ರಿಜ್ಜಿನ ಮೇಲೆ ಧೂಳು ತಿನ್ನುತ್ತಿತ್ತು.

"ನಿಲ್ಲಿಸಿದ್ದೀಯಾ?"

"ಉಸಿರು ಚೆನ್ನಾಗಿದ್ಯಲ್ಲಕ್ಕಾ. ಸುಮ್ಮನೆ ಯಾಕೆ ಅಭ್ಯಾಸ ಮಾಡಿಸಲಿ?"

"ಅಭ್ಯಾಸ ಏನೂ ಆಗಲ್ಲ. ಚೆನ್ನಾಗಿರೋದೇ ಅದರಿಂದ" ಎಂದು ಮೂಗಕ್ಕ ಅದನ್ನು ಒರೆಸಿದಳು. ಸ್ಪೇಸರ್ ಎಂಬ ಪ್ಲಾಸ್ಟಿಕ್ ಡಬ್ಬಿಯನ್ನು ಅದಕ್ಕೆ ಸಿಕ್ಕಿಸಿ, ಚುಕ್ಕಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಎಳೆಯುವುದನ್ನು ತೋರಿಸಿಕೊಟ್ಟಳು. ಗಂಡನಿಗೆ ಸಿಗರೇಟು ಬಾಲ್ಕನಿಯಲ್ಲೂ ಬೇಡವೆನ್ನು ಎಂದಳು. ತಂಗಿ ಅಕ್ಕನ ಮುಖವನ್ನೇ ನೋಡುತ್ತಿದ್ದಳು.

"ಏನೋ ನೋಡಿದ್ದೀಯ ನೀನು."

ಮೂಗಕ್ಕ ಇನ್ಹೇಲರಿನ ಮುಚ್ಚಳ ಹಾಕತೊಡಗಿದಳು.

"ನನ್ನ ಮಗು ಅದು. ಬಾಯಿ ಬಿಡು. ಆಸ್ಪತ್ರೆ ಮಕ್ಕಳು ಸರಿಯಾದ ಹೆಸರೇ ಇಟ್ಟಿದ್ದಾರೆ, ಮೂಗಿ ಹಾಗೇ ಕೂತಿದ್ದೀಯ."

"ನೋಡಿದೆ. ಆದ್ರೆ ಅದರಿಂದ ಏನೂ ಹೇಳೋಕಾಗಲ್ಲ, ನಂಬು. ಔಷಧಿ ಮಾತ್ರ ಬಿಡಬೇಡ."

ಮಾತಿಗೆ ಮಾತು ಬೆಳೆಯಿತು. ತಂಗಿ ಬಾಗಿಲು ತೆರೆದು ನಿಂತಳು. ಅಂದಿನಿಂದ ಇಬ್ಬರ ನಡುವೆ ಮಾತು ನಿಂತಿತು. ಚುಕ್ಕಿಯ ಸುದ್ದಿ ಅಮ್ಮನ ಬಾಯಿಂದ ಸುತ್ತಿ ಬಳಸಿ ಬರುತ್ತಿತ್ತು. ಔಷಧಿ ತಪ್ಪುತ್ತಿಲ್ಲವಂತೆ. ಚಳಿಗಾಲದಲ್ಲಿ ಒಮ್ಮೆ ವಾರ್ಡಿಗೆ ಬಂದಾಗಲೂ ತಂಗಿ ಅಕ್ಕನಿಗೆ ಹೇಳಿ ಕಳಿಸಲಿಲ್ಲ. ಮೂಗಕ್ಕ ತಾನಾಗಿಯೇ ಹೋಗಿ ಮಂಚದ ಬಳಿ ನಿಂತಳು. ಮಾಸ್ಕಿನೊಳಗಿಂದ ಚುಕ್ಕಿ ನಕ್ಕಳು. ತಂಗಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದಳು, ಆದರೆ ಕಾಲಿನಿಂದ ಸ್ಟೂಲನ್ನು ಅಕ್ಕನತ್ತ ತಳ್ಳಿದಳು.

ಮರುವರ್ಷ ಇನ್ನೊಂದು ಊರಿನ ಆಸ್ಪತ್ರೆಯ ಮಕ್ಕಳಲ್ಲಿ ಅದೇ ಆರ್‌ಎನ್‌ಎಯನ್ನು ಅಳೆದು ನೋಡಿದರು. ಆಸ್ತಮಾದೊಂದಿಗೆ ಅದಕ್ಕಿದ್ದಂತೆ ಕಂಡ ಸಂಬಂಧ ಅಲ್ಲಿ ನಿಲ್ಲಲೇ ಇಲ್ಲ. ನೆಗಡಿ ಹಿಡಿದ ಯಾವ ಮಗುವಿನಲ್ಲೂ ಅದು ಕೆಲಕಾಲ ಏರುತ್ತದೆ, ಅಷ್ಟೇ. ಮಾದರಿ ಕೊಟ್ಟ ದಿನ ಚುಕ್ಕಿಗೆ ನೆಗಡಿಯಿತ್ತು. ಡಾಕ್ಟರು ಆ ಆರ್‌ಎನ್‌ಎಯನ್ನು ತಮ್ಮ ಪಟ್ಟಿಯಿಂದ ತೆಗೆದು, ಉಳಿದ ಆರ್‌ಎನ್‌ಎಗಳ ಬೆನ್ನು ಹತ್ತಿದರು.

ಫಲಿತಾಂಶ ಎಲ್ಲರಿಗೂ ತಿಳಿದ ಮೇಲೆ ಮೂಗಕ್ಕ ತಂಗಿಯ ಮನೆಗೆ ಹೋಗಿ ಎಲ್ಲವನ್ನೂ ಬಿಡಿಸಿ ಹೇಳಿದಳು. ತಂಗಿ ಒಗೆದ ಬಟ್ಟೆ ಮಡಿಸುತ್ತಾ ಕೇಳಿಸಿಕೊಂಡಳು.

"ಹಾಗಾದ್ರೆ ಒಂದು ವರ್ಷ ಇಬ್ಬರೂ ನೆಗಡಿಗೋಸ್ಕರ ಮುಖ ಊದಿಸಿಕೊಂಡಿದ್ವಾ?"

"ಹಾಗೇ ಅಂದ್ಕೋ."

"ಅವತ್ತೇ ಹೇಳಿದ್ರೆ ನಾನು ಸತ್ತೇ ಹೋಗ್ತಿದ್ದೆ" ಎಂದಳು ತಂಗಿ. "ಆದ್ರೂ ಹೇಳಬೇಕಿತ್ತು."

ಮೂಗಕ್ಕ ಬಟ್ಟೆ ರಾಶಿಯಿಂದ ಒಂದು ಹಾಸಿಗೆ ಚಾದರವನ್ನು ಎಳೆದು, ಅದರ ಎರಡು ಮೂಲೆಗಳನ್ನು ತಂಗಿಯ ಕೈಗೆ ಕೊಟ್ಟಳು.